ಪಟ್ಟಣಸ್ವಾಮಿ: ಪ್ರಾಚೀನ ಕರ್ಣಾಟಕದ ಒಂದು ನಗರಾಧಿಕಾರ

೧. ವಿಷಯಪ್ರವೇಶ

ಕರ್ಣಾಟಕದ ಪೂರ್ವಕಾಲದ ರಾಜ್ಯಾಡಳಿತವನ್ನು ವಿವರಿಸುವ ಗ್ರಂಥಗಳಲ್ಲಿ ಅರಸರ ವಂಶಾವಳಿ, ದಂಡಯಾತ್ರೆ, ಮಂತ್ರಿಮಂಡಲ, ನಾಡುಗಳ ವಿಭಾಗ ಇವುಗಳಿಗೆ ದೊರೆತಿರುವಷ್ಟು ಎಡೆ ಪಟ್ಟಣಗಳ ಆಡಳಿತಕ್ಕೆ ದೊರೆತಿಲ್ಲ. ಹಳ್ಳಿಯ ವಿಷಯದಲ್ಲಿ ಗೌಡ ಸೇನಬೋವರ ಹೆಸರನ್ನೂ, ಅಗ್ರಹಾರದ ವಿಷಯದಲ್ಲಿ ಮಹಾಜನರ ಮತ್ತು ಊರೊಡೆಯನ ಹೆಸರನ್ನೂ ಅರಿತವರು ಅನೇಕರಿದ್ದಾರೆ. ಆದರೆ ವ್ಯಾಪಾರದಿಂದ ಬೆಳೆದು, ಸುಂಕದಿಂದ ಅರಸನ ಭಂಡಾರವನ್ನು ತುಂಬುತ್ತ, ನಾನಾ ಜಾತಿಯ ನಾನಾ ಕಸುಬಿನ ಜನರನ್ನು ಒಂದೇ ಕೋಟೆಯೊಳಗೆ ಇರಿಸಿಕೊಂಡಿದ್ದ ಪಟ್ಟಣವನ್ನು ಯಾರು ನೋಡಿಕೊಳ್ಳುತ್ತಿದ್ದರು, ಅವರಿಗೆ ಆ ಅಧಿಕಾರ ಎಲ್ಲಿಂದ ಬಂದಿತು, ಅವರು ಯಾರಿಗೆ ಉತ್ತರವಾದಿಗಳಾಗಿದ್ದರು ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಏಳುವುದೇ ಇಲ್ಲ. ಈ ಪ್ರಶ್ನೆಗಳಿಗೆ ಶಾಸನಗಳು ಕೊಡುವ ಉತ್ತರ ‘ಪಟ್ಟಣಸ್ವಾಮಿ’ ಎಂಬ ಒಂದು ಪದದ ಸುತ್ತ ನಿಂತಿದೆ.

ಪೌರಾಡಳಿತದ ವಿಚಾರದಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ೧೮೫೦ರ ಕಾಯಿದೆಯಿಂದ, ಅದಕ್ಕಿಂತ ಮಿಗಿಲಾಗಿ ೧೮೮೨ರ ರಿಪ್ಪನ್ ಪ್ರಭುವಿನ ನಿರ್ಣಯದಿಂದ, ಈ ದೇಶದಲ್ಲಿ ಸ್ಥಳೀಯ ಸ್ವಯಮಾಡಳಿತ ಹುಟ್ಟಿತೆಂಬುದು ಒಂದು. ಅದಕ್ಕೆ ಪ್ರತಿಯಾಗಿ, ಪ್ರಾಚೀನ ಭಾರತದ ನಗರಗಳೆಲ್ಲ ಪ್ರಜಾರಾಜ್ಯಗಳೇ ಆಗಿದ್ದುವೆಂದು ಹೇಳುವುದು ಇನ್ನೊಂದು. ಮೊದಲನೆಯದು ಶಾಸನಗಳನ್ನು ಓದದೆ ಆಡಿದ ಮಾತು. ಎರಡನೆಯದು ಶಾಸನಗಳಲ್ಲಿ ಇಲ್ಲದುದನ್ನು ಓದಿ ಆಡಿದ ಮಾತು. ಪಟ್ಟಣಸ್ವಾಮಿಯ ಅಧಿಕಾರವನ್ನು ಸಾಕ್ಷ್ಯಾಧಾರಗಳ ಮಿತಿಯೊಳಗೆ ಪರಿಶೀಲಿಸಿದರೆ ಇವೆರಡಕ್ಕೂ ಹೊರತಾದ ಚಿತ್ರವೊಂದು ಕಾಣುತ್ತದೆ. ಅವನು ಕೇವಲ ರಾಜಪುರುಷನೂ ಅಲ್ಲ, ಕೇವಲ ಜನಪ್ರತಿನಿಧಿಯೂ ಅಲ್ಲ; ಅರಸನ ಸುಂಕಕ್ಕೂ ಊರಿನ ಹಿತಕ್ಕೂ ಏಕಕಾಲದಲ್ಲಿ ಹೊಣೆಯಾದವನು. ಈ ಇಬ್ಬಗೆಯ ಹೊಣೆಯೇ ಆ ಪದವಿಯ ಸ್ವಾರಸ್ಯ. ಅದು ಸಡಲಿದುದೇ ಆ ಪದವಿಯ ಅವನತಿಗೆ ಕಾರಣ.

೨. ಪದವಿಚಾರ

ಪಟ್ಟಣವೆಂಬುದು ಸಂಸ್ಕೃತದ ಪತ್ತನ ಶಬ್ದಕ್ಕೆ ಸಂಬಂಧಿಸಿದುದು. ಗ್ರಾಮ, ನಗರ, ಖೇಡ, ಖರ್ವಡ, ಮಡಂಬ, ದ್ರೋಣಾಮುಖ, ಪತ್ತನ ಎಂಬ ಜನವಸತಿಗಳ ಪಟ್ಟಿ ವಣಿಗ್ಜನರ ಪ್ರಶಸ್ತಿಗಳಲ್ಲಿಯೂ ಜೈನ ಕಾವ್ಯಗಳ ದೇಶವರ್ಣನೆಗಳಲ್ಲಿಯೂ ಪರಿಚಿತವಾದುದು. ಅದರಲ್ಲಿ ಪತ್ತನವೆಂಬುದು ವ್ಯಾಪಾರಸ್ಥಳವನ್ನು ಸೂಚಿಸುತ್ತದೆ. ಆದುದರಿಂದ ಪಟ್ಟಣಸ್ವಾಮಿಯೆಂದರೆ ಯಾವುದೋ ಒಂದು ಊರಿನ ಒಡೆಯನೆಂದಲ್ಲ, ಸರಕು ಬಂದು ಇಳಿಯುವ, ಸಂತೆ ಕೂಡುವ, ಸುಂಕ ಸಲ್ಲುವ ಊರಿನ ಮುಖ್ಯನೆಂದು ತಿಳಿಯಬೇಕು. ‘ಸ್ವಾಮಿ’ ಶಬ್ದದಿಂದ ಅವನಿಗೆ ಊರಿನ ಭೂಮಿಯ ಮೇಲೆ ಒಡೆತನವಿತ್ತೆಂದು ಊಹಿಸಲು ಆಧಾರವಿಲ್ಲ.

‘ನಗರ’ ಶಬ್ದದ ಅರ್ಥದಲ್ಲಿಯೂ ಎಚ್ಚರಿಕೆ ಬೇಕು. ಶಾಸನಗಳಲ್ಲಿ ನಗರ, ನಖರ, ನಕರ ಎಂಬ ರೂಪಗಳು ಅನೇಕ ಕಡೆಗಳಲ್ಲಿ ಊರನ್ನಲ್ಲ, ಊರಿನ ವರ್ತಕರ ಸಮುದಾಯವನ್ನು ಹೇಳುತ್ತವೆ. ‘ನಖರಂಗಳ್’ ಎಂಬ ಬಹುವಚನ ಬಂದಾಗ ಅದನ್ನು ಪಟ್ಟಣಗಳೆಂದು ಅರ್ಥಮಾಡಿದರೆ ಶಾಸನದ ತಾತ್ಪರ್ಯವೇ ಕೆಡುತ್ತದೆ. ಈ ನಖರ ಸಮೂಹವೇ ಪಟ್ಟಣಸ್ವಾಮಿಯ ಬೆಂಬಲ; ಅವನು ಬಹುಮಟ್ಟಿಗೆ ಅದರೊಳಗಿನವನೇ ಆಗಿರುತ್ತಿದ್ದನು. ಹೆಸರಿನ ಕೊನೆಯ ‘ಸೆಟ್ಟಿ’ ಶಬ್ದವೇ ಇದಕ್ಕೆ ಸಾಕ್ಷಿ. ಆದರೆ ದೊಡ್ಡ ವರ್ತಕರೆಲ್ಲರೂ ಪಟ್ಟಣಸ್ವಾಮಿಗಳಲ್ಲ. ಶ್ರವಣಬೆಳ್ಗೊಳದ ೧೧೧೭ರ ಶಾಸನದಲ್ಲಿ ಬರುವ ಪೊಯ್ಸಳಸೆಟ್ಟಿ ನೇಮಿಸೆಟ್ಟಿಗಳು ರಾಜಶ್ರೇಷ್ಠಿಗಳು, ಎಂದರೆ ಅರಮನೆಯ ಮನ್ನಣೆ ಪಡೆದ ವರ್ತಕರು. ಅದು ಗೌರವ, ಪಟ್ಟಣಸ್ವಾಮಿತನವು ಕಾರ್ಯಭಾರ. ಎರಡನ್ನೂ ಒಂದೆಂದು ಎಣಿಸಲಾಗದು.

೩. ಎರಡು ಹೋಲಿಕೆಗಳು

ಪಟ್ಟಣಸ್ವಾಮಿಯ ಸ್ಥಾನವನ್ನು ನಿರ್ಣಯಿಸಲು ಕರ್ಣಾಟಕದ ಹೊರಗಿನ ಎರಡು ಅಧಿಕಾರಗಳನ್ನು ಪಕ್ಕದಲ್ಲಿರಿಸಿ ನೋಡುವುದು ಉಪಯುಕ್ತ. ಮೊದಲನೆಯದು ಕೌಟಿಲ್ಯನ ಅರ್ಥಶಾಸ್ತ್ರದ ನಾಗರಕ. ಮೈಸೂರಿನ ಓರಿಯಂಟಲ್ ಪುಸ್ತಕ ಭಂಡಾರದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ ನಾಗರಕನ ಕರ್ತವ್ಯಗಳನ್ನು ಹೇಳಿದೆ. ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆತನಗಳಿಗೆ ಒಬ್ಬ ಗೋಪ, ನಗರದ ನಾಲ್ಕನೆಯ ಒಂದು ಭಾಗಕ್ಕೆ ಒಬ್ಬ ಸ್ಥಾನಿಕ, ಇವರೆಲ್ಲರ ಮೇಲೆ ನಾಗರಕ. ಮನೆಗೆ ಬಂದ ಅತಿಥಿಗಳ ಸಮಾಚಾರ ಇವರಿಗೆ ಮುಟ್ಟಬೇಕು. ಬೇಸಗೆಯಲ್ಲಿ ಬೆಂಕಿಯ ಭಯಕ್ಕೆ ಮನೆಮನೆಯೂ ನೀರಿನ ಮಡಕೆ, ಏಣಿ ಮೊದಲಾದುವನ್ನು ಸಿದ್ಧವಾಗಿಡಬೇಕು. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗ, ಕೆಸರುನೀರು ನಿಲ್ಲಿಸಿದವನಿಗೆ ಕಾಲುಪಣ, ರಾಜಮಾರ್ಗದಲ್ಲಿ ಅದರ ಇಮ್ಮಡಿ ದಂಡ. ನೈರ್ಮಲ್ಯ, ಅಗ್ನಿರಕ್ಷಣೆ, ಗಣತಿ, ಕಾವಲು ಎಲ್ಲವೂ ಇಲ್ಲಿವೆ. ಆದರೆ ಎಲ್ಲವೂ ಮೇಲಿನಿಂದ ಕೆಳಕ್ಕೆ ಇಳಿದುಬಂದವು. ನಾಗರಕನು ಅರಸನ ಕಣ್ಣು. ಊರಿಗೆ ಅವನಲ್ಲಿ ಪಾಲಿಲ್ಲ. ವಾತ್ಸ್ಯಾಯನನ ಕಾಮಸೂತ್ರದ ನಾಗರಕ ಬೇರೆ. ಅವನು ಪಟ್ಟಣದ ರಸಿಕ. ಒಂದೇ ಪದ ಅಧಿಕಾರಿಯನ್ನೂ ವಿಲಾಸಿಯನ್ನೂ ಹೇಳುವುದು ಶಬ್ದಾರ್ಥದ ಅಭ್ಯಾಸಿಗಳು ಗಮನಿಸತಕ್ಕ ಸಂಗತಿ.

ಎರಡನೆಯದು ಗುಪ್ತರ ಕಾಲದ ನಗರಶ್ರೇಷ್ಠಿ. ಉತ್ತರ ಬಂಗಾಳದ ದಾಮೋದರಪುರದಲ್ಲಿ ದೊರೆತ ತಾಮ್ರಶಾಸನಗಳಲ್ಲಿ ಅತ್ಯಂತ ಹಳೆಯದು ಗುಪ್ತಶಕ ೧೨೪, ಎಂದರೆ ಕ್ರಿ. ಶ. ೪೪೩-೪೪ರದು. ಕೋಟಿವರ್ಷವಿಷಯದ ಅಧಿಕಾರಿಯೊಡನೆ ನಗರಶ್ರೇಷ್ಠಿ, ಸಾರ್ಥವಾಹ, ಪ್ರಥಮಕುಲಿಕ, ಪ್ರಥಮಕಾಯಸ್ಥ ಎಂಬ ನಾಲ್ವರು ಕೂಡಿ ಭೂಮಿಯ ಕ್ರಯವಿಕ್ರಯದ ವ್ಯವಹಾರವನ್ನು ನಡೆಸುತ್ತಿದ್ದರೆಂದು ಇವುಗಳಿಂದ ತಿಳಿಯುತ್ತದೆ. ಇಲ್ಲಿ ವರ್ತಕರ ಮುಖಂಡನು ಅಧಿಕಾರಿಯ ಕೈಕೆಳಗಿನವನಲ್ಲ, ಅವನ ಜೊತೆಗೆ ಕುಳಿತವನು. ಕರ್ಣಾಟಕದ ಪಟ್ಟಣಸ್ವಾಮಿಯನ್ನು ನಾಗರಕನ ಪಂಕ್ತಿಗಿಂತ ನಗರಶ್ರೇಷ್ಠಿಯ ಪಂಕ್ತಿಗೆ ಸೇರಿಸುವುದು ಯುಕ್ತ.

೪. ಪೊರಿಗೆರೆಯ ಆಚಾರವ್ಯವಸ್ಥೆ

ಪಟ್ಟಣಸ್ವಾಮಿಗಳ ಹೆಸರು ಬೆಳಕಿಗೆ ಬರುವುದಕ್ಕೆ ಮೂರು ಶತಮಾನಗಳ ಹಿಂದೆಯೇ ಕನ್ನಡ ನಾಡಿನ ಒಂದು ಪಟ್ಟಣಕ್ಕೆ ಬರೆವಣಿಗೆಯ ಕಟ್ಟಳೆ ಇದ್ದಿತು. ಲಕ್ಷ್ಮೇಶ್ವರದ ಕಂಬದ ಶಾಸನವೊಂದು ಬಾದಾಮಿಯ ಚಳುಕ್ಯ ವಿಜಯಾದಿತ್ಯನ ಮಗನಾದ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ಅಷ್ಟಾದಶಪ್ರಕೃತಿಗಳಿಗೂ ಮಾಡಿಕೊಟ್ಟ ಆಚಾರವ್ಯವಸ್ಥೆಯನ್ನು ಹೇಳುತ್ತದೆ. ಶಾಸನದಲ್ಲಿ ವರ್ಷವನ್ನು ಹೇಳಿಲ್ಲವಾದರೂ ಕ್ರಿ. ಶ. ಸುಮಾರು ೭೨೫ಕ್ಕೆ ಸೇರಿದುದೆಂದು ವಿದ್ವಾಂಸರ ಮತ. ಬಾರ್ನೆಟ್ ಪಂಡಿತರು ಇದನ್ನು ಎಪಿಗ್ರಾಫಿಯ ಇಂಡಿಕದ ಹದಿನಾಲ್ಕನೆಯ ಸಂಪುಟದಲ್ಲಿ ಸಂಪಾದಿಸಿದರು.

ಶಾಸನದ ಕ್ರಮ ಗಮನಾರ್ಹವಾದುದು. ಮೊದಲು ಬರುವುದು ಜನರ ಕರ್ತವ್ಯವಲ್ಲ, ರಾಜಪುರುಷರ ಕರ್ತವ್ಯ. ವಾಸಿಸುವವರಿಲ್ಲದ ಮನೆಗಳು, ಅರಸನ ದತ್ತಿಗಳು, ರಾಜಘೋಷಣೆಗಳು, ಸಜ್ಜನರ ಸಾಕ್ಷ್ಯ, ಊರಿನ ಮರ್ಯಾದೆ, ತಾಮ್ರಶಾಸನಗಳು, ಅನುಭವಿಸಿಕೊಂಡು ಬಂದ ಸೊತ್ತಿನ ಅನುಭೋಗ ಇವೆಲ್ಲವನ್ನೂ ಅವರು ಕಾಪಾಡತಕ್ಕದ್ದು. ಅನಂತರವೇ ಪುರಜನರು ತೆರಬೇಕಾದುದರ ವಿವರ. ತೆರಿಗೆ ಎಲ್ಲ ಮನೆಗಳಿಗೂ ಒಂದೇ ಅಲ್ಲ. ಮನೆಯ ಅಂತಸ್ತಿಗೆ ತಕ್ಕಂತೆ ಅದು ಏರಿ ಇಳಿಯುತ್ತದೆ. ಸಲ್ಲಿಸಬೇಕಾದ ತಿಂಗಳೂ ಗೊತ್ತಾಗಿದೆ. ಕಳವು ಮುಂತಾದ ಅಪರಾಧಗಳ ದಂಡ, ಮಕ್ಕಳಿಲ್ಲದೆ ಸತ್ತವರ ಸೊತ್ತು, ಉತ್ಸವದ ಕಾಣಿಕೆ ಇವುಗಳ ವಿಷಯದಲ್ಲಿ ಶ್ರೇಣಿಗೂ ಪಾತ್ರವಿದೆ. ಕಂಚುಗಾರರ ಶ್ರೇಣಿಯ ಹೆಸರು ಇದರಲ್ಲಿ ಬರುತ್ತದೆ. ಕೊನೆಯ ಭಾಗ ಸವೆದುಹೋಗಿರುವುದರಿಂದ ಪೂರ್ಣ ಚಿತ್ರ ದೊರೆಯುವಂತಿಲ್ಲ.

ಈ ಶಾಸನದ ಬೆಲೆ ಎರಡು ಬಗೆಯದು. ಅರಸನ ಅಧಿಕಾರಿಗಳನ್ನು ಕಟ್ಟಿಹಾಕುವ ನಿಯಮವನ್ನು ಅರಸನ ಮನೆಯವನೇ ಜನರ ಕೈಗೆ ಬರೆದುಕೊಟ್ಟನೆಂಬುದು ಮೊದಲನೆಯದು. ಆ ನಿಯಮ ಕನ್ನಡದಲ್ಲಿದೆಯೆಂಬುದು ಎರಡನೆಯದು. ಪೊರಿಗೆರೆಯೆಂದರೆ ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯೊಳಗೆ ಎಣಿಸಿದ, ಪಂಪನು ತನ್ನ ಕಾವ್ಯಭಾಷೆಯ ಮೂಲವೆಂದು ಹೆಮ್ಮೆಯಿಂದ ನೆನೆದ ಪುಲಿಗೆರೆಯೇ. ಕವಿರಾಜಮಾರ್ಗಕ್ಕೆ ನೂರು ವರ್ಷಗಳಿಗೂ ಹಿಂದೆ ಆ ಊರಿನ ಕನ್ನಡ ತೆರಿಗೆಯನ್ನೂ ದಂಡವನ್ನೂ ಸೊತ್ತನ್ನೂ ಕುರಿತು ಸಂದಿಗ್ಧವಿಲ್ಲದೆ ಮಾತಾಡಬಲ್ಲದಾಗಿದ್ದಿತು. ಕನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ಕಾವ್ಯಗಳ ಜೊತೆಗೆ ಈ ವ್ಯವಹಾರಗದ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.

೫. ಪೊಂಬುರ್ಚದ ನೊಕ್ಕಯ್ಯಸೆಟ್ಟಿ

ಪಟ್ಟಣಸ್ವಾಮಿಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವವನು ಪೊಂಬುರ್ಚದ, ಎಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ಹುಂಚದ, ನೊಕ್ಕಯ್ಯಸೆಟ್ಟಿ. ರೈಸರು ೧೯೦೪ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದ ನಗರ ತಾಲ್ಲೂಕಿನ ಶಾಸನಗಳಲ್ಲಿ ಇವನ ವಿಷಯ ದೊರೆಯುತ್ತದೆ. ಕಾಲ ಶಕವರ್ಷ ೯೮೪, ಎಂದರೆ ಕ್ರಿ. ಶ. ೧೦೬೨. ಕಲ್ಯಾಣದ ಚಾಳುಕ್ಯ ಆಹವಮಲ್ಲ ಸೋಮೇಶ್ವರನು ಚಕ್ರವರ್ತಿಯಾಗಿದ್ದನು. ಸಾಂತಳಿಗೆ ಸಾಸಿರವನ್ನು ವೀರಸಾಂತರನು ಆಳುತ್ತಿದ್ದನು.

ನೊಕ್ಕಯ್ಯನು ಕಟ್ಟಿಸಿದ ಬಸದಿಗೆ ಪಟ್ಟಣಸ್ವಾಮಿಜಿನಾಲಯವೆಂದು ಹೆಸರಾಯಿತು. ಚಿನ್ನ, ಬೆಳ್ಳಿ, ಹವಳ, ರತ್ನ, ಪಂಚಲೋಹಗಳಲ್ಲಿ ಪ್ರತಿಮೆಗಳನ್ನು ಮಾಡಿಸಿದನೆಂದು ಶಾಸನ ಅವನನ್ನು ಹೊಗಳುತ್ತದೆ. ಅವನಿಗೆ ‘ಸಮ್ಯಕ್ತ್ವವಾರಾಶಿ’ ಎಂಬ ಬಿರುದಿದ್ದಿತು. ಇವು ಧನಿಕನಾದ ಶ್ರಾವಕನೊಬ್ಬನ ಪುಣ್ಯಕಾರ್ಯಗಳು; ಇಷ್ಟೇ ಆಗಿದ್ದರೆ ಅವನ ಹೆಸರು ದಾನಿಗಳ ಪಟ್ಟಿಯಲ್ಲಿ ಸೇರಿಹೋಗುತ್ತಿದ್ದಿತು. ಆದರೆ ಅದೇ ಶಾಸನ ಅವನು ಕಟ್ಟಿಸಿದ ಕೆರೆಗಳನ್ನೂ ಎಣಿಸುತ್ತದೆ. ಅವುಗಳಲ್ಲಿ ಒಂದರ ಹೆಸರು ಪಟ್ಟಣಸ್ವಾಮಿಗೆರೆ. ಹೊಳೆಯ ನೀರನ್ನು ಕೆರೆಗೆ ತರಿಸುವುದಕ್ಕೂ ಅವನು ಹಣ ವೆಚ್ಚಮಾಡಿದನು. ಬಸದಿಗೂ ಕೆರೆಗೂ ಅವನ ಸ್ವಂತ ಹೆಸರನ್ನು ಇಡದೆ ಪದವಿಯ ಹೆಸರನ್ನು ಇಟ್ಟಿರುವುದು ಆಕಸ್ಮಿಕವಾಗಿರಲಾರದು. ನೊಕ್ಕಯ್ಯಸೆಟ್ಟಿಯ ಕೆರೆಯೆಂದರೆ ಅದು ಒಂದು ಮನೆತನದ ಕೀರ್ತಿ. ಪಟ್ಟಣಸ್ವಾಮಿಗೆರೆಯೆಂದರೆ ಅದು ಪಟ್ಟಣದ ಆಸ್ತಿ.

ಮಲೆನಾಡಿನ ಅಂಚಿನಲ್ಲಿ, ಮಳೆ ಹೇರಳವಾಗಿರುವ ಪ್ರದೇಶದಲ್ಲಿ, ಒಬ್ಬ ವರ್ತಕಮುಖ್ಯನು ಕೆರೆಗೆ ಇಷ್ಟು ಗಮನ ಕೊಡಬೇಕಾದುದೇಕೆಂದು ಕೇಳಬಹುದು. ಮಳೆ ಕೆಲವೇ ತಿಂಗಳು. ಸಂತೆಗೂ ಎತ್ತಿನ ಹೇರಿಗೂ ದಾರಿ ತೆರೆಯುವುದು ಮಳೆ ನಿಂತ ಮೇಲೆ. ಸಾರ್ಥಗಳು ತಂಗುವ ಬೇಸಗೆಯಲ್ಲಿ ನೀರಿಲ್ಲದ ಊರಿಗೆ ಎತ್ತುಗಳು ಬಾರವು, ಎತ್ತು ಬಾರದ ಊರಿನಲ್ಲಿ ಸುಂಕ ಹುಟ್ಟದು. ಆದುದರಿಂದ ಕೆರೆ ಧರ್ಮಕಾರ್ಯವಾಗಿದ್ದಂತೆ ಪಟ್ಟಣದ ಆದಾಯದ ಮೂಲವೂ ಆಗಿದ್ದಿತು. ಪಟ್ಟಣಸ್ವಾಮಿಯ ಲಾಭ, ಅರಸನ ಲಾಭ, ಊರಿನ ಲಾಭ ಮೂರೂ ಕೆರೆಯ ಏರಿಯ ಮೇಲೆ ಕೂಡಿಬಂದುವು.

ನೊಕ್ಕಯ್ಯನ ಗುರುವಾದ ದಿವಾಕರಣಂದಿ ಸಿದ್ಧಾಂತಿಯು ತತ್ತ್ವಾರ್ಥಸೂತ್ರಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದವನು. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಆ ಗ್ರಂಥಕಾರನ ಕಾಲನಿರ್ಣಯಕ್ಕೆ ಆಧಾರವಾಗಿರುವುದು ಈ ಪಟ್ಟಣಸ್ವಾಮಿಯ ಶಾಸನವೇ. ಉಮಾಸ್ವಾತಿಯ ಸಂಸ್ಕೃತಸೂತ್ರಗಳಿಗೆ ಕನ್ನಡದಲ್ಲಿ ವಿವರಣೆ ಹುಟ್ಟಿದ ಪರಿಸರದಲ್ಲಿ ಇಂತಹ ವರ್ತಕ ಶ್ರಾವಕರಿದ್ದರೆಂಬುದನ್ನು ಮರೆಯಲಾಗದು. ಅರಮನೆಯ ಆಶ್ರಯವನ್ನೇ ಕನ್ನಡ ಸಾಹಿತ್ಯದ ಏಕಮಾತ್ರ ಆಸರೆಯೆಂದು ಭಾವಿಸುವುದು ಸರಿಯಲ್ಲ. ಪೇಟೆಯೂ ಅದಕ್ಕೆ ಆಸರೆಯಾಗಿದ್ದಿತು.

೬. ನಾಗದೇವ ಹೆಗ್ಗಡೆ

ನೊಕ್ಕಯ್ಯನು ಪೇಟೆಯಿಂದ ಮೇಲಕ್ಕೆ ಬಂದವನಾದರೆ, ಹೊಯ್ಸಳ ಇಮ್ಮಡಿ ಬಲ್ಲಾಳನ ಪಟ್ಟಣಸ್ವಾಮಿಯಾದ ನಾಗದೇವನು ಅರಮನೆಯ ಕಡೆಯಿಂದ ಬಂದವನು. ಇವನು ಬಮ್ಮದೇವ ಹೆಗ್ಗಡೆಯ ಮಗ, ಮಂತ್ರಿಪದವಿಯಲ್ಲಿಯೂ ಇದ್ದವನು. ಇವನ ಗುರು ನಯಕೀರ್ತಿ ಸಿದ್ಧಾಂತಚಕ್ರವರ್ತಿಯು ೧೧೭೬ರಲ್ಲಿ ಮುಡಿಪಿದಾಗ ಶ್ರವಣಬೆಳ್ಗೊಳದಲ್ಲಿ ನಿಷಿಧಿಯನ್ನು ನಿಲ್ಲಿಸಿದನು. ೧೧೯೫ರಲ್ಲಿ ಅಲ್ಲಿಯೇ ನಗರಜಿನಾಲಯವನ್ನು ಕಟ್ಟಿಸಿದನು.

ಈ ಜಿನಾಲಯದ ಹೆಸರಿನಲ್ಲಿಯೇ ವಿಚಾರವಿದೆ. ಇಲ್ಲಿಯ ‘ನಗರ’ ಬೆಳ್ಗೊಳವೆಂಬ ಊರಲ್ಲ, ಬೆಳ್ಗೊಳದ ವರ್ತಕರ ಸಮೂಹ. ಖಂಡಳಿ ಮೂಲಭದ್ರರ ವಂಶದವರೆಂದೂ, ಸತ್ಯಶೌಚಗಳಲ್ಲಿ ನಿಷ್ಠರೆಂದೂ, ನಾನಾ ದೇಶಗಳೊಡನೆ ವ್ಯವಹರಿಸುವುದರಲ್ಲಿ ನಿಪುಣರೆಂದೂ ಶಾಸನ ಅವರನ್ನು ವರ್ಣಿಸುತ್ತದೆ. ಬಸದಿಯ ರಕ್ಷಣೆ ಅವರಿಗೆ ಸೇರಿದುದು. ಕಟ್ಟಿಸಿದವನು ರಾಜನ ಮನುಷ್ಯ, ಕಾಪಾಡುವವರು ವರ್ತಕರು. ಕಟ್ಟಿಸಿದವನ ಆಯುಸ್ಸು ಅಲ್ಪ, ಸಮೂಹದ ಆಯುಸ್ಸು ದೀರ್ಘವೆಂಬ ವಿವೇಕ ಈ ಏರ್ಪಾಡಿನಲ್ಲಿ ಕಾಣುತ್ತದೆ. ನೊಕ್ಕಯ್ಯ ನಾಗದೇವರನ್ನು ಒಟ್ಟಿಗೆ ನೋಡಿದರೆ ಪಟ್ಟಣಸ್ವಾಮಿತನಕ್ಕೆ ಒಂದೇ ದಾರಿ ಇರಲಿಲ್ಲವೆಂಬುದು ಖಚಿತವಾಗುತ್ತದೆ. ವರ್ತಕನೂ ಆಗಬಹುದಿತ್ತು, ಹೆಗ್ಗಡೆಯೂ ಆಗಬಹುದಿತ್ತು. ಆದರೆ ಯಾರೇ ಆಗಲಿ, ನಖರದ ಸಹಕಾರವಿಲ್ಲದೆ ಅವನ ಕಾರ್ಯ ನಿಲ್ಲುತ್ತಿರಲಿಲ್ಲ.

೭. ಆದಾಯ, ಕಾರ್ಯ, ನಿಯಂತ್ರಣ

ಪಟ್ಟಣದ ಆದಾಯದಲ್ಲಿ ಮುಖ್ಯವಾದುದು ಸುಂಕ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಪನ್ನಾಯ ಮೊದಲಾದ ಹೆಸರುಗಳು ಚಾಳುಕ್ಯರ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಇವನ್ನು ನೋಡಿಕೊಳ್ಳಲು ಸುಂಕವೆರ್ಗಡೆಗಳೆಂಬ ರಾಜಾಧಿಕಾರಿಗಳಿದ್ದರು. ಆದುದರಿಂದ ಪಟ್ಟಣಸ್ವಾಮಿಯೇ ಅರಸನ ಸುಂಕದ ಅಧಿಕಾರಿಯೆಂದು ಹೇಳುವಂತಿಲ್ಲ. ಅವನ ಸ್ವಂತ ಕ್ಷೇತ್ರ ಬೇರೆ ಒಂದು ಬಗೆಯ ತೆರಿಗೆ: ವರ್ತಕರೂ ಕಸುಬಿನವರೂ ಸಭೆಗೂಡಿ ತಮ್ಮ ಮೇಲೆ ತಾವೇ ವಿಧಿಸಿಕೊಂಡುದು. ಅಡಕೆಯ ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು, ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ, ಧಾನ್ಯದ ಅಂಗಡಿಗೆ ಒಂದು ಮಾನ ಎಂಬಂತಹ ಕಟ್ಟಳೆಗಳು ದೇವಾಲಯಗಳ ದತ್ತಿಶಾಸನಗಳಲ್ಲಿ ಹೇರಳವಾಗಿವೆ. ಅಯ್ಯಾವೊಳೆಯ ಐನೂರ್ವರ ಸಂಘ ಮೊದಲಾದ ದೇಶಾಂತರ ವರ್ತಕರೂ ಸ್ಥಳದ ನಖರವೂ ಕೂಡಿ ಕೊಟ್ಟ ಇಂತಹ ದಾನಗಳಲ್ಲಿ ಪಟ್ಟಣಸ್ವಾಮಿಯ ಹೆಸರು ಮುಂದಾಳುಗಳ ಸಾಲಿನಲ್ಲಿ ಬರುತ್ತದೆ.

ಈ ಹಣದಿಂದ ನಡೆದ ಕಾರ್ಯಗಳು ಬರಿಯ ಪೂಜೆಯಲ್ಲ. ದೇವಾಲಯವು ಆ ಕಾಲದಲ್ಲಿ ವಿದ್ಯಾಸ್ಥಾನವೂ ಅನ್ನಸತ್ರವೂ ಆಗಿದ್ದಿತು. ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ವೇದ, ವ್ಯಾಕರಣ, ದರ್ಶನಗಳ ಪಾಠವನ್ನೂ, ದೀನಾನಾಥರಿಗೆ ಅನ್ನವನ್ನೂ, ರೋಗಿಗಳಿಗೆ ಚಿಕಿತ್ಸೆಯನ್ನೂ ಹೇಳುತ್ತದೆ. ಇಂದಿನ ಪುರಸಭೆಯ ಲೆಕ್ಕದಲ್ಲಿ ವಿದ್ಯೆ, ಆರೋಗ್ಯ, ಬಡವರ ಪೋಷಣೆ ಎಂದು ಬೇರೆಬೇರೆಯಾಗಿ ಬರೆಯುವ ವೆಚ್ಚಗಳು ಅಂದು ದೇವರ ಅಂಗಭೋಗ ರಂಗಭೋಗಗಳ ಜೊತೆಗೆ ಒಂದೇ ದತ್ತಿಯೊಳಗೆ ಅಡಗಿದ್ದುವು. ಕೆರೆಗಳ ವಿಷಯದಲ್ಲಿಯೂ ಕಟ್ಟಿಸುವುದರೊಡನೆ ಹೊಣೆ ಮುಗಿಯುತ್ತಿರಲಿಲ್ಲ. ಏರಿ, ತೂಬು, ಕೋಡಿಗಳ ದುರಸ್ತಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾನ್ಯಗಳಿದ್ದುವು. ಕಟ್ಟುವ ಹಣಕ್ಕಿಂತ ಕಾಪಾಡುವ ಹಣವನ್ನು ಗೊತ್ತುಮಾಡುವುದು ಕಷ್ಟವೆಂಬುದನ್ನು ಆ ಕಾಲದವರು ಅರಿತಿದ್ದರು.

ಅಧಿಕಾರಕ್ಕೆ ನಿಯಂತ್ರಣವೇನಿದ್ದಿತೆಂಬುದು ಮುಖ್ಯವಾದ ಪ್ರಶ್ನೆ. ಮತದಾನ, ಅವಧಿ, ಲೆಕ್ಕಪರಿಶೋಧನೆ ಇವುಗಳಿಗೆ ಪಟ್ಟಣಸ್ವಾಮಿಯ ಶಾಸನಗಳಲ್ಲಿ ಸಾಕ್ಷ್ಯವಿಲ್ಲ. ತಮಿಳುನಾಡಿನ ಉತ್ತರಮೇರೂರಿನ ೧೦ನೆಯ ಶತಮಾನದ ಶಾಸನಗಳಲ್ಲಿ ಕಾಣುವ ಕುಡವೋಲೆಯ ಚೀಟಿಯೆತ್ತುವ ಪದ್ಧತಿ ಬ್ರಾಹ್ಮಣಸಭೆಗೆ ಸೇರಿದುದು. ಅದನ್ನು ಕರ್ಣಾಟಕದ ಪಟ್ಟಣಗಳಿಗೆ ಆರೋಪಿಸಲು ಆಧಾರವಿಲ್ಲ. ಇಲ್ಲಿಯ ನಿಯಂತ್ರಣ ಬೇರೆ ರೀತಿಯದು. ಒಂದನೆಯದಾಗಿ, ಕಾರ್ಯಗಳನ್ನು ಒಬ್ಬನೇ ಮಾಡಿದುದಾಗಿ ಶಾಸನಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಮಹಾಜನ, ನಖರ, ಮಠಗಳ ಆಚಾರ್ಯರು, ಕಸುಬಿನ ಸಮೂಹಗಳು ಒಟ್ಟುಗೂಡಿದುದನ್ನು ಹೇಳುತ್ತವೆ. ಎರಡನೆಯದಾಗಿ, ತೆರಿಗೆಯ ಪ್ರಮಾಣವೂ ಅದರ ವಿನಿಯೋಗವೂ ಜನರು ಓಡಾಡುವ ಸ್ಥಳದಲ್ಲಿ, ಜನರ ಭಾಷೆಯಲ್ಲಿ, ಕಲ್ಲಿನ ಮೇಲೆ ಇದ್ದುವು. ಗಾಣಕ್ಕೆ ಒಂದು ಸೊಲ್ಲಗೆಯೆಂದು ಕಲ್ಲಿನಲ್ಲಿರುವಾಗ ಎರಡು ಸೊಲ್ಲಗೆಯನ್ನು ಕೇಳುವುದು ಸುಲಭವಲ್ಲ. ಮೂರನೆಯದು ಶಾಪಾಶಯ. ಶಾಸನಾಂತ್ಯದ ಆ ಶಾಪಗಳನ್ನು ಕವಿಸಮಯವೆಂದು ಕೈಬಿಡಬಾರದು. ದಂಡಿಸುವ ನ್ಯಾಯಸ್ಥಾನ ದೂರದಲ್ಲಿದ್ದಾಗ ಭಯವೇ ಕಟ್ಟಳೆಯ ಕಾವಲು.

ಈ ಚಿತ್ರದ ಮಿತಿಯನ್ನೂ ಹೇಳಬೇಕು. ಶಾಸನಗಳು ಕೊಟ್ಟುದನ್ನು ಹೇಳುತ್ತವೆ, ಕಸಿದುದನ್ನು ಹೇಳುವುದು ಅಪೂರ್ವ. ಪಟ್ಟಣದ ಕಸವನ್ನು ಗುಡಿಸಿದವರ, ಕೆರೆಯ ಮಣ್ಣನ್ನು ಹೊತ್ತವರ ಹೆಸರುಗಳು ಅಲ್ಲಿಲ್ಲ. ಅಷ್ಟಾದಶಪ್ರಕೃತಿಗಳೆಂಬ ಮಾತಿನೊಳಗೆ ಯಾರು ಸೇರಿದರು, ಯಾರು ಹೊರಗೆ ಉಳಿದರು ಎಂಬುದೂ ವಿಚಾರಣೀಯ. ಧನಿಕರ ಔದಾರ್ಯವು ಎಲ್ಲರ ಹಕ್ಕಿಗೆ ಸಮಾನವಲ್ಲ.

೮. ಮುಂದಿನ ಕಾಲ

ವಿಜಯನಗರದ ಕಾಲದಲ್ಲಿ ಹೊಸ ಪೇಟೆಗಳೂ ಸಂತೆಗಳೂ ಹೆಚ್ಚಿದಂತೆ ಪಟ್ಟಣಸ್ವಾಮಿಯ ಪದವಿ ಹೆಚ್ಚುಹೆಚ್ಚಾಗಿ ಮಾನ್ಯದ ರೂಪವನ್ನು ತಾಳಿತು. ಪೇಟೆಯನ್ನು ಕಟ್ಟಿ ನೆಲೆಗೊಳಿಸಿದ ಸೆಟ್ಟಿಗೆ ಭೂಮಿಯನ್ನೂ ಪಟ್ಟಣಸ್ವಾಮಿತನವನ್ನೂ ಕೊಡುವುದು, ಅದು ಅವನ ಮಕ್ಕಳಿಗೆ ಸಲ್ಲುವುದು ರೂಢಿಯಾಯಿತು. ಕಾರ್ಯಕ್ಕಾಗಿ ಬಂದ ಮಾನ್ಯ ಕಾಲಕ್ರಮದಲ್ಲಿ ಕಾರ್ಯವನ್ನು ಬಿಟ್ಟು ಮಾನ್ಯವಾಗಿಯೇ ಉಳಿಯಿತು. ಮುಸಲ್ಮಾನ ಅರಸರ ಆಳ್ವಿಕೆಯಲ್ಲಿ ಕಾವಲು ಮತ್ತು ಪೇಟೆಯ ಅಧಿಕಾರ ಕೋತವಾಲನಿಗೆ ಹೋದ ಮೇಲೆ, ಪಟ್ಟಣಸೆಟ್ಟಿಗೆ ಉಳಿದುದು ಕುಲದ ನ್ಯಾಯ ಮತ್ತು ಮೊದಲ ತಾಂಬೂಲ. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಬಲಗೈ ಎಡಗೈ ಪಂಗಡಗಳ ವಂಶಪಾರಂಪರ್ಯದ ಮುಖ್ಯರನ್ನು ಕಂಡನು; ಪಂಗಡಗಳ ಮುಖ್ಯರು ಇದ್ದರು, ಪಟ್ಟಣಕ್ಕೆಲ್ಲ ಒಬ್ಬ ಮುಖ್ಯನಿರಲಿಲ್ಲ. ಇಂದು ಉತ್ತರ ಕರ್ಣಾಟಕದ ಅನೇಕ ಮನೆತನಗಳ ಅಡ್ಡಹೆಸರಾಗಿರುವ ‘ಪಟ್ಟಣಶೆಟ್ಟಿ’ ಈ ಅಧಿಕಾರದ ಕೊನೆಯ ಕುರುಹು.

ಆದುದರಿಂದ ೧೮೫೦ರ ೨೬ನೆಯ ಕಾಯಿದೆಯಂತೆ ಹುಬ್ಬಳ್ಳಿಯಲ್ಲಿ ೧೮೫೫ರಲ್ಲಿಯೂ, ಧಾರವಾಡದಲ್ಲಿ ೧೮೫೬ರಲ್ಲಿಯೂ, ಬೆಂಗಳೂರಿನಲ್ಲಿ ೧೮೬೨ರಲ್ಲಿಯೂ ಮುನಿಸಿಪಾಲಿಟಿಗಳು ಏರ್ಪಟ್ಟಾಗ ಅವು ಬರಿದಾದ ಸ್ಥಾನಕ್ಕೆ ಬಂದುವು. ಆದರೆ ಅದು ಎಂದೂ ತುಂಬಿರದ ಸ್ಥಾನವಲ್ಲ. ಹೊಸ ವ್ಯವಸ್ಥೆಯಲ್ಲಿ ಸಭೆ ಬೇರೆ, ಕಾರ್ಯನಿರ್ವಾಹಕ ಬೇರೆ ಆದುದು ದೊಡ್ಡ ಬದಲಾವಣೆ. ಮುಂಬಯಿಯ ೧೮೮೮ರ ಕಾಯಿದೆಯು ಕಾರ್ಯನಿರ್ವಹಣೆಯನ್ನು ಸರಕಾರ ನೇಮಿಸುವ ಕಮಿಷನರನ ಕೈಗೆ ಒಪ್ಪಿಸಿದುದು ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿಂದ ಮುಂದೆ ನಗರಾಡಳಿತವು ಸಂಬಳಕ್ಕೆ ಮಾಡುವ, ತರಬೇತಿ ಬೇಡುವ ಒಂದು ವೃತ್ತಿಯಾಯಿತು. ಪಟ್ಟಣಸ್ವಾಮಿಯಲ್ಲಿ ಕೂಡಿದ್ದ ಎರಡು ಹೊಣೆಗಳು ಇಬ್ಬರಿಗೆ ಹಂಚಿಹೋದುವು: ಜನರಿಗೆ ಉತ್ತರ ಹೇಳುವವನು ಅಧ್ಯಕ್ಷ, ಸರಕಾರಕ್ಕೆ ಉತ್ತರ ಹೇಳುವವನು ಕಮಿಷನರ್. ಭಾಷೆಯೂ ಬದಲಾಯಿತು. ತೆರೆ, ಸುಂಕ, ಮಾನ್ಯ, ಕಟ್ಟಳೆಗಳ ಕಡೆಗೆ ಬೆನ್ನುಹಾಕಿ ಕಚೇರಿಯ ಕನ್ನಡ ಪಾರಸಿ ಮತ್ತು ಇಂಗ್ಲಿಷ್ ಪದಗಳನ್ನು ಎರವು ತಂದಿತು. ನಗರಸಭೆ, ಪುರಸಭೆ, ಪೌರಾಯುಕ್ತ ಎಂಬ ಹೊಸ ಸಂಸ್ಕೃತಪದಗಳು ಬಳಕೆಗೆ ಬಂದುದು ಈಚೆಗೆ. ಹಳೆಯ ಪದಗಳ ಅರಿವು ಹಿಂದಿರುಗಲಿಲ್ಲ.

೯. ಉಪಸಂಹಾರ

ಈ ವಿಚಾರದಿಂದ ಫಲಿಸುವ ನಿರ್ಣಯಗಳು ಇವು. ಪಟ್ಟಣಸ್ವಾಮಿಯು ವ್ಯಾಪಾರಸ್ಥಳದ ಮುಖ್ಯನು. ಅರಸನ ಮನ್ನಣೆಯೂ ನಖರದ ಸಮ್ಮತಿಯೂ ಅವನಿಗೆ ಬೇಕಾಗಿದ್ದುವು. ಅವನ ಪದವಿ ಪ್ರಜಾಪ್ರಭುತ್ವದ ಪದವಿಯಲ್ಲ. ಆದರೆ ಮೇಲಿನ ಆಜ್ಞೆಯನ್ನು ಕೆಳಗೆ ಸಾಗಿಸುವ ಸೇವಕನ ಪದವಿಯೂ ಅಲ್ಲ. ಆ ಪದವಿಗೆ ಹಿಂದೆ ಪೊರಿಗೆರೆಯಂತಹ ಪಟ್ಟಣಗಳ ಬರೆವಣಿಗೆಯ ಕಟ್ಟಳೆ ಇದ್ದಿತು. ಕೆರೆ, ಸಂತೆ, ದತ್ತಿಗಳ ಭಾರವನ್ನು ಹೊತ್ತಿರುವವರೆಗೆ ಅದಕ್ಕೆ ತೂಕವಿದ್ದಿತು. ಭಾರವನ್ನು ಇಳಿಸಿ ಮಾನ್ಯವನ್ನು ಮಾತ್ರ ಇಟ್ಟುಕೊಂಡಾಗ ಅದು ಬಿರುದಾಯಿತು, ಕೊನೆಗೆ ಅಡ್ಡಹೆಸರಾಯಿತು.

ಜಿ. ಎಸ್. ದೀಕ್ಷಿತರು ಮಧ್ಯಯುಗದ ಕರ್ಣಾಟಕದ ಸ್ಥಳೀಯ ಸ್ವಯಮಾಡಳಿತವನ್ನು ಕುರಿತು ೧೯೬೪ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥ ಈ ಕ್ಷೇತ್ರದಲ್ಲಿ ದಾರಿಯನ್ನು ತೋರಿಸಿದೆ. ಪಟ್ಟಣಸ್ವಾಮಿಗಳ ಹೆಸರು ಬರುವ ಶಾಸನಗಳನ್ನೆಲ್ಲ ಕಾಲಾನುಕ್ರಮದಿಂದ ಕೂಡಿಸಿ, ತೆರಿಗೆ ಮತ್ತು ಆಡಳಿತದ ಪದಗಳಿಗೆ ಅರ್ಥನಿರ್ಣಯ ಮಾಡಿದ ಕೋಶವೊಂದು ಸಿದ್ಧವಾದರೆ, ಇತಿಹಾಸಕಾರರಿಗೆ ಪಟ್ಟಣಗಳ ಚರಿತ್ರೆಯೂ ಭಾಷಾಭ್ಯಾಸಿಗಳಿಗೆ ವ್ಯವಹಾರಗನ್ನಡದ ಚರಿತ್ರೆಯೂ ಒಟ್ಟಿಗೆ ಲಭಿಸುವುವು. ೧೯೯೨ರ ೭೪ನೆಯ ಸಂವಿಧಾನ ತಿದ್ದುಪಡಿ ನಗರಗಳ ಸ್ವಯಮಾಡಳಿತಕ್ಕೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿದೆ. ಆ ಆಡಳಿತವನ್ನು ಕನ್ನಡದಲ್ಲಿ ನಡೆಸಬೇಕೆನ್ನುವವರು ಪೊರಿಗೆರೆಯ ಕಂಬವನ್ನು ಓದುವುದು ಅವಶ್ಯ. ತೆರುವವನ ಭಾಷೆಯಲ್ಲಿಯೇ ಆಳುವವನ ಹೊಣೆಯನ್ನು ಮೊದಲು ಬರೆದು, ತೆರುವುದನ್ನು ಆಮೇಲೆ ಬರೆದ ಆ ಕ್ರಮ ಸುಮಾರು ೧೩೦೦ ವರ್ಷಗಳ ಹಿಂದಿನದು.